ಇಲ್ಲದ ಕಂಬ

ಕುದುರೆ ಮೇಯುತ್ತಿದ್ದ ಬಯಲು ಅದು, ಕಿಲ್ಡೇರಿನ ಅಂಚಿಗೆ.
ಬೇಲಿ ಕಿತ್ತರು, ಮಣ್ಣು ಬಗೆದರು, ಕಾಂಕ್ರೀಟು ಸುರಿದರು.
ನಾನು ಫೆಲಿಮ್ ಟುಯಿಟ್, ಕೊಳವೆ ಜೋಡಿಸುವವ,
ಆಗ ಇಪ್ಪತ್ತಾರು.

ಬಂದ ದಿನವೇ ಕಿವಿಗೆ ಊದಿದ ಮಂತ್ರ:
ಹೇಗಿದೆಯೋ ಹಾಗೆ.
ಆರೆಗಾನ್‌ನ ಮೂಲ ಕಾರ್ಖಾನೆ ಹೇಗಿದೆಯೋ ಹಾಗೆ.
ಗೋಡೆಯ ಬಣ್ಣ ಹಾಗೆ, ಕವಾಟದ ಹಿಡಿ ಹಾಗೆ,
ಆಮ್ಲ ಹರಿವ ಕೊಳವೆಯ ಉದ್ದ, ಓಟ, ಬೆಸುಗೆ ಹಾಗೆ.
ಒಂದು ಮಿಲಿಮೀಟರಿನಷ್ಟೂ ಜಾಣತನ ಬೇಡ.
ಅಲ್ಲಿಂದ ಬಂದಿದ್ದ ಮಾರ್ಲಾ ಹಾಲ್ವರ್ಸನ್ ಹೇಳಿದಳು:
ನೂರು ಚಿಪ್ಪಿಗೆ ಎಂಬತ್ತು ಅಲ್ಲಿ ಸರಿ ಬರುತ್ತವೆ.
ಯಾಕೆ ಬರುತ್ತವೆ ಅನ್ನುವುದು ನಮಗೂ ಪೂರ್ತಿ ಗೊತ್ತಿಲ್ಲ.
ಗೊತ್ತಿಲ್ಲದ್ದನ್ನು ತಿದ್ದಬಾರದು.

ನಲವತ್ತೊಂದನೇ ಹಾಳೆಯಲ್ಲಿ ಒಂದು ಕೊಳವೆ
ನೆಟ್ಟಗೆ ಬಂದದ್ದು ಇದ್ದಕ್ಕಿದ್ದಂತೆ ಎಡಕ್ಕೆ ಬಾಗಿ
ಅರ್ಧ ಸುತ್ತು ಬಳಸಿ ಮತ್ತೆ ದಾರಿಗೆ ಬೀಳುತ್ತಿತ್ತು,
ಹಾವು ಕಂಡ ಹಸು ಸರಿದುಹೋದಂತೆ
(ನಮ್ಮ ದೇಶದಲ್ಲಿ ಹಾವೇ ಇಲ್ಲ).
ಅಲ್ಲೊಂದು ಕಂಬವಿದೆ, ಅಂದಳು.
ಇಲ್ಲಿ ಇಲ್ಲವಲ್ಲ, ಅಂದೆ.
ಗೊತ್ತು. ಬಗ್ಗಿಸು.

ಬಗ್ಗಿಸಿದೆ.
ಮೂರನೇ ತಿಂಗಳಿಗೇ ಎಂಬತ್ತು ಬಂತು.
ಕೇಕು ಕತ್ತರಿಸಿದರು, ಆರೆಗಾನ್‌ನಲ್ಲಿ ಕತ್ತರಿಸಿದಂಥದೇ ಕೇಕು.
ಮನೆ ಕೊಂಡೆ, ಮಗಳಾದಳು, ಶೇರು ಕೊಟ್ಟರು.
ನಮ್ಮ ನಕಲಿನ ನಕಲೊಂದು ಯಾವುದೋ ಮರುಭೂಮಿಯಲ್ಲಿ ಎದ್ದಿತು;
ಅಲ್ಲಿಯೂ ನನ್ನಂಥವನೊಬ್ಬ
ಇಲ್ಲದ ಕಂಬವನ್ನು ಬಳಸಿ ಹೋದನಂತೆ.

ಆಮೇಲೆ ಫೋನಿನವರು ಬಂದು ಬಾಗಿಲು ತಟ್ಟಿದರು:
ನಮಗೊಂದು ಸಣ್ಣ ಚಿಪ್ಪು ಮಾಡಿಕೊಡಿ.
ಲಾಭವೂ ಅಷ್ಟೇ ಸಣ್ಣದು ಅನ್ನಿಸಿತು ಮೇಲಿನವರಿಗೆ.
ಕಾಫಿ ಕುಡಿಸಿ ಕಳಿಸಿದರು.
ದೂರದ ದ್ವೀಪದಲ್ಲಿ ಇನ್ನೊಬ್ಬನಿದ್ದ:
ಯಾರ ಹೆಸರಿನದಾದರೂ ಸರಿ ಮಾಡಿಕೊಡುವವ,
ತನ್ನ ಹೆಸರನ್ನು ಎಲ್ಲೂ ಅಚ್ಚೊತ್ತದವ.
ನಾವು ನಮ್ಮ ಹೆಸರು ಒರೆಸಿ ಒರೆಸಿ ಹೊಳಪಿಸುವಷ್ಟರಲ್ಲಿ
ಅವನ ಗೆರೆ ನಮ್ಮ ಗೆರೆಗಿಂತ ತೆಳ್ಳಗಾಗಿತ್ತು.

ಹೊಸ ಯಜಮಾನ ಬಂದ. ಹೊಸ ಮಂತ್ರ:
ಇನ್ನು ಮೇಲೆ ಯಾರಿಗಾದರೂ ಮಾಡಿಕೊಡುತ್ತೇವೆ.
ಯಾರೂ ಬರಲಿಲ್ಲ. ಅಲ್ಲ, ಇಬ್ಬರು ಬಂದರು, ನೋಡಿ ಹೋದರು.
ಯಂತ್ರಕ್ಕೆ ದುಡ್ಡು ಬೇಕು,
ಒಂದೊಂದೂ ವಿಮಾನಕ್ಕಿಂತ ದುಬಾರಿ;
ಅರ್ಧ ಕಾರ್ಖಾನೆಯನ್ನು ನ್ಯೂಯಾರ್ಕಿನ ನಿಧಿಯೊಂದಕ್ಕೆ ಮಾರಿದರು.
ಯಾವ ಅರ್ಧ ಅಂತ ಕ್ಯಾಂಟೀನಿನಲ್ಲಿ ಒಂದು ವಾರ ವಾದ:
ಬಾಗಿನ ಈಚೆಯದೋ, ಆಚೆಯದೋ?
ಆ ಚಳಿಗಾಲ ಚಿಪ್ಪು ಮಾಡುತ್ತಿದ್ದ
ನಾನೂರು ಜನರ ಕೈಗೆ ಚಿಪ್ಪು ಕೊಟ್ಟರು.

ಆರೆಗಾನ್‌ನಲ್ಲಿ ಮಾರ್ಲಾಳದೂ ಹೋಯಿತು.
ಮೇಜು ಖಾಲಿ ಮಾಡುತ್ತ ಬರೆದಳು:
ಫೆಲಿಮ್, ಇವತ್ತು ಹಳೆಯ ಹಾಳೆ ಸಿಕ್ಕಿತು.
ನೀನು ಕೊಳವೆ ಬಗ್ಗಿಸುವ ಹೊತ್ತಿಗೇ
ಇಲ್ಲಿಯ ಕಂಬವನ್ನು ಕೆಡವಿಯಾಗಿತ್ತು.
ನನಗೂ ಯಾರೂ ಹೇಳಿರಲಿಲ್ಲ.

ನಾನು ಬಿಡುವ ವಾರ, ಹೊಸ ಹುಡುಗಿ ಬ್ರೋನಾ
ಏಣಿ ಹತ್ತಿ, ಟಾರ್ಚು ಹಿಡಿದು ಕೇಳಿದಳು:
ಇದು ಯಾಕೆ ಸುಮ್ಮನೆ ಬಾಗಿದೆ?
ಹೇಳಲು ಬಾಯಿ ತೆರೆದೆ.
ಮೂವತ್ತು ವರ್ಷದ ಉತ್ತರ, ಎಲ್ಲಿಂದ ಹಿಡಿದರೂ
ಅರ್ಧ ಸುತ್ತು ಹೊಡೆದು ಅಲ್ಲಿಗೇ ಬರುತ್ತಿತ್ತು.
ನೆಟ್ಟಗೆ ಮಾಡಿ, ಅಂದೆ.

ಮಾಡಿದರು.
ಎಂಬತ್ತು ಎಪ್ಪತ್ತೇಳಾಯಿತು.
ಯಾಕೆ ಅಂತ ಮೂರು ದೇಶದ ತಜ್ಞರು
ಹದಿನಾಲ್ಕು ದಿನ ಕೂತು ಯೋಚಿಸಿದರಂತೆ.

ನಿನ್ನೆ ರಾತ್ರಿ ಬ್ರೋನಾಳ ಫೋನು.
ಹಳೆಯ ನಕ್ಷೆಗಳೆಲ್ಲ ಮಾರಾಟದ ಗಲಾಟೆಯಲ್ಲಿ ಎಲ್ಲೋ ಸೇರಿವೆ,
ಆ ಬಾಗಿನ ಅಳತೆ ನಿಮಗೆ ನೆನಪಿದೆಯಾ?
ತಡೆ, ಅಂದೆ.
ಫೋನನ್ನು ಬ್ರೆಡ್ಡಿನ ಡಬ್ಬಿಗೆ ಒರಗಿಸಿ
ಅಡುಗೆಮನೆಯ ನಡುವೆ ನಿಂತು
ಎರಡೂ ಕೈಯಿಂದ ಗಾಳಿಯನ್ನು ಬಳಸಿದೆ.

ಇತ್ತು.