ಸದ್ಯದ ವಿಳಾಸ

ಮುನ್ನೂರ ಹನ್ನೆರಡು ಜನರ ರಕ್ತದ ಗುಂಪು ಗೊತ್ತು ನನಗೆ,
ಮದುವೆಯ ತಾರೀಖು ಗೊತ್ತು, ನಾಮಿನಿಯ ಹೆಸರು ಗೊತ್ತು.
ಎತ್ತರ ಗೊತ್ತಿಲ್ಲ, ಒಬ್ಬರದ್ದೂ.
ಭುಜದಿಂದ ಕೆಳಗೆ ಯಾರನ್ನೂ ನೋಡಿದವಳಲ್ಲ.

ಅರಸೀಕೆರೆ, ಬಿ.ಎಚ್. ರಸ್ತೆ, ಕೊರಿಯರ್ ಅಂಗಡಿಯ ಮಹಡಿ.
ಕಂಪನಿಯ ಎಚ್.ಆರ್. ವಿಭಾಗ ಅಂದರೆ ಈ ಕೋಣೆ.
ಕುರ್ಚಿ ಅವರದು, ದಿಂಬು ನನ್ನದು.
ಬೆಳಿಗ್ಗೆ ಒಂದೊಂದೇ ಹಸಿರು ಚುಕ್ಕಿ ಹತ್ತಿಕೊಳ್ಳುತ್ತದೆ,
ಬಂದರು ಅಂತ ಲೆಕ್ಕ.
ಯಾರದೋ ಚುಕ್ಕಿ ನಡುರಾತ್ರಿ ಎರಡಾದರೂ ಆರದಿದ್ದರೆ
‘ದಯವಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ಬರೆಯುವುದೂ ನನ್ನ ಕೆಲಸ.
ಬರೆಯುತ್ತೇನೆ, ಎರಡೂಕಾಲಿಗೆ.

ಮಂಗಳವಾರ ತಿಪ್ಪೇಶನ ಸರದಿ.
ಒಂಬತ್ತು ನಿಮಿಷದ ಕರೆ, ಬರೆದುಕೊಟ್ಟ ಮಾತು,
ನನ್ನ ಕ್ಯಾಮೆರಾ ಆಫ್, ಅದು ನಿಯಮ.
ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ,
ಬಡ್ತಿಯೇನೋ ಅಂದುಕೊಂಡು.
‘ಈ ನಿರ್ಧಾರ ನಿಮ್ಮ ಸಾಮರ್ಥ್ಯದ ಬಗ್ಗೆ ಅಲ್ಲ’
ಅನ್ನುತ್ತಿರುವಾಗ ಕಿಟಕಿಯಾಚೆ ರೈಲು ಕೂಗಿತು.
ಒಂದು ಉದ್ದ, ಒಂದು ಗಿಡ್ಡ, ಕೊನೆಗೊಂದು ಒಡಕು.
ಹೆಡ್‌ಫೋನಿನ ಎಡಗಿವಿ ಕೆಟ್ಟು ತಿಂಗಳಾಗಿತ್ತು, ಅದರಲ್ಲಿ ಕೇಳಿದ್ದು.

ಅರೆ ಉಸಿರು ತಡೆದು
ಬಲಗಿವಿಯಲ್ಲಿ, ಅವನ ಕಡೆಯಿಂದ,
ಒಂದು ಉದ್ದ, ಒಂದು ಗಿಡ್ಡ,
ಅದೇ ಒಡಕು.

ಫೈಲು ತೆರೆದೆ. ಕಾಯಂ ವಿಳಾಸ: ಹೊಸದುರ್ಗ.
ಸದ್ಯದ ವಿಳಾಸ: ಖಾಲಿ.
ಆ ಕಾಲಂ ಕಡ್ಡಾಯ ಬೇಡ, ಮನೆಯಿಂದಲೇ ಕೆಲಸ ತಾನೆ
ಎಂದು ಹೋದ ವರ್ಷ ತೀರ್ಮಾನಿಸಿದವಳು ನಾನೇ.
‘ಮೇಡಂ, ಕೇಳಿಸ್ತಿದೀನಾ?’
ಕೇಳಿಸ್ತಿದೀರಿ ಅಂದೆ. ಉಳಿದದ್ದನ್ನು ಓದಿ ಮುಗಿಸಿದೆ.
ಚುಕ್ಕಿ ಬೂದಿಯಾಯಿತು.

ಶುಕ್ರವಾರ ಮೆಟ್ಟಿಲಿಳಿದರೆ ಅಂಗಡಿಯಲ್ಲಿ ಅವನು.
ನಾನೆಣಿಸಿದ್ದಕ್ಕಿಂತ ಎತ್ತರ, ಒಂದು ಗೇಣು.
ಕಾಲಲ್ಲಿ ನೀಲಿ ಹವಾಯಿ ಚಪ್ಪಲಿ.
‘ಫ್ರಮ್ ಅಡ್ರೆಸ್?’ ಕೇಳಿದ ಜಬೀವುಲ್ಲಾ.
‘ಬರ್ಕೊಳಿ. ನೀರಿನ ಟ್ಯಾಂಕ್ ಹಿಂದೆ, ಹಳೇ ಅಕ್ಕಿ ಗಿರಣಿ ಓಣಿ...’
ಹಾಲು ತರಲು ನಾನು ದಿನಾ ಹಾಯುವ ಓಣಿ.

ಲ್ಯಾಪ್‌ಟಾಪು, ಚಾರ್ಜರು, ಮೌಸು,
ನಾನು ಕಳಿಸಿದ ಪಟ್ಟಿಯ ಪ್ರಕಾರ ಎಲ್ಲ ಇತ್ತು.
ಮೇಲೆ, ಪೇಪರಿನಲ್ಲಿ ಸುತ್ತಿ, ಹುಟ್ಟುಹಬ್ಬಕ್ಕೆ
ಕಂಪನಿ ಹೆಸರಲ್ಲಿ ನಾನೇ ಕಳಿಸಿದ್ದ ಕಾಫಿ ಮಗ್ಗು.
ಅದು ಪಟ್ಟಿಯಲ್ಲಿರಲಿಲ್ಲ.
ಅದು ನಿಮ್ಮದೇ, ಇಟ್ಕೊಳ್ಳಿ ಅನ್ನಬೇಕಿತ್ತು.
ಅಂದರೆ ದನಿ ಗುರುತಾಗುತ್ತದೆ.

‘ಅಕ್ಕಾ, ಇದೊಂಚೂರು ಹಿಡ್ಕೊಳಿ’ ಅಂದ ಜಬೀವುಲ್ಲಾ.
ಟೇಪಿನ ತುದಿ ಹಿಡಿದುಕೊಂಡೆ.
ತಿಪ್ಪೇಶ ಡಬ್ಬ ತಿರುಗಿಸಿದ,
ಒಂದು ಸುತ್ತು, ಎರಡು,
ಸಾಕು ಅಂತ ಯಾರೂ ಹೇಳಲಿಲ್ಲ.