ಅರುಳಪ್ಪನ ಬೇಸಿನಲ್ಲಿ ಗುಂಡಿಗಳು

ಕೌಲ್ ಬಜಾರಿನಲ್ಲಿ ಮಾಳಿಗೆ ಮೇಲೆ ನನ್ನದೊಂದು ಖೋಲಿ.
ಗೋಡೆಗೆ ಮೊಳೆ ಹೊಡೆದ ಹಳೆ ಗಾದಿ, ಕಿಟಕಿಗೆ ರಗ್ಗು,
ಹೊರಗೆ ಸ್ಟುಡಿಯೋ ಅಂತ ಬೋರ್ಡು. ಮೇ ತಿಂಗಳು.
ಫ್ಯಾನು ಹಾಕಿದರೆ ಅದರ ಗುಂಯ್ ತಂತಿಗಿಳಿಯುತ್ತದೆ,
ಹಾಕದಿದ್ದರೆ ಅರುಳಪ್ಪನ ಬೆವರು.

ಅವನು ಹೊಸಪೇಟೆ ರಸ್ತೆಯ ವೇಬ್ರಿಜ್ಜಿನಲ್ಲಿ
ಅದಿರು ಲಾರಿಗಳ ತೂಕ ಬರೆಯುವವನು.
ಭಾನುವಾರ ಚರ್ಚಿನಲ್ಲಿ ಬೇಸ್ ಗಿಟಾರು.
ಅದಕ್ಕೇ ಇರಬೇಕು, ಅವನು ಮೀಟಿದ ಸ್ವರ
ಮೊದಲು ತಕ್ಕಡಿ ಹತ್ತಿ ಇಳಿದು
ಆಮೇಲೆ ಕಿವಿಗೆ ಬರುತ್ತದೆ.

ಮಂಗಳವಾರ ರಜೆ ಹಾಕಿ ಬಂದ.
ಏಳು ನಿಮಿಷ, ಒಂದೇ ಸಲಕ್ಕೆ ನುಡಿಸಿದ, ಹೋದ.
ರಾತ್ರಿ ಹೆಡ್‌ಫೋನು ಹಾಕಿ ಕೂತರೆ
ದಪ್ಪ ತಂತಿಯ ಮಗ್ಗುಲಲ್ಲಿ, ಟಕ್.
ಮೆತ್ತಗಿನ ಅನ್ನದಲ್ಲಿ ಕಲ್ಲು.
ಟಕ್. ಸ್ವಲ್ಪ ಬಿಟ್ಟು ಮತ್ತೆ, ಟಕ್.
ಅವನ ಉಗುರನ್ನು ಬೈದೆ, ಕೇಬಲ್ಲು ಬೈದೆ,
ಜಾಕು ಮಾರಿದ ಅಂಗಡಿಯವನನ್ನೂ ಬೈದೆ.
ಎಣಿಸಿದೆ: ಅರವತ್ತೊಂದು.

ತೆರೆಯ ಮೇಲೆ ಹಿಗ್ಗಿಸುತ್ತ ಹೋದರೆ
ನಾದ ಮೊದಲು ಸಂಡೂರಿನ ಗುಡ್ಡಸಾಲು,
ಆಮೇಲೆ ಒಂದೇ ದಿಬ್ಬ,
ಆಮೇಲೆ ದಾರಕ್ಕೆ ಪೋಣಿಸಿದ ಚುಕ್ಕಿಗಳು.
ಅವುಗಳ ನಡುವೆ ಒಂದು ಮುಳ್ಳು ನೆಟ್ಟಗೆ ನಿಂತಿರುತ್ತದೆ.
ಪೆನ್ಸಿಲ್ಲು ತಗೊಂಡು ಮುಳ್ಳು ಬಗ್ಗಿಸಿ
ಆಚೀಚಿನ ಚುಕ್ಕಿ ಎತ್ತ ಹೊರಟಿದ್ದವೋ ಅತ್ತಲೇ ಕೂಡಿಸಬೇಕು.
ರಫೂ ಕೆಲಸ. ಹರಿದದ್ದು ಗೊತ್ತಾಗಬಾರದು, ಹೊಲಿದದ್ದೂ.
ಕತ್ತರಿಸಲೇಬೇಕಾದರೆ
ಅಲೆ ಸೊನ್ನೆ ದಾಟುವಲ್ಲಿ ಕತ್ತರಿಸಬೇಕು.
ಏರಿನಲ್ಲಿ ಕೈ ಹಾಕಿದರೆ ಕತ್ತರಿಯೇ ಇನ್ನೊಂದು ಟಕ್.
ಯಾರೂ ಹೇಳಿಕೊಟ್ಟಿದ್ದಲ್ಲ; ಕೆಡಿಸಿ ಕೆಡಿಸಿ ಕಲಿತದ್ದು.
ಹನ್ನೊಂದು ಮುಗಿಸುವಷ್ಟರಲ್ಲಿ ಕಣ್ಣು ಉರಿ.

ಬೆಳಿಗ್ಗೆ ಪರೀಕ್ಷೆಗೆಂದು
ಯಾರೂ ಮೀಟದ ಗಿಟಾರು ಜೋಡಿಸಿ ಕೂತೆ.
ಒಂಬತ್ತಕ್ಕೆ ಸರಿಯಾಗಿ, ಟಕ್.
ಕೆಳಗಿನ ಜೀನ್ಸ್ ಶೆಡ್ಡಿನಲ್ಲಿ
ಗುಂಡಿ ಒತ್ತುವ ಮಿಷನ್ನು ಎದ್ದಿತ್ತು.
ಅವರಿಗೂ ನನಗೂ ಒಂದೇ ಮೀಟರು,
ಅರ್ತಿಂಗು ಇಬ್ಬರಿಗೂ ಇಲ್ಲ.
ಪ್ಯಾಂಟಿಗೊಂದು ಗುಂಡಿ. ಗುಂಡಿಗೊಂದು ಟಕ್.

ಇಳಿದು ಹೋಗಿ ಶಾಲಂಬೀ ಮುಂದೆ ನಿಂತೆ.
ಅಕ್ಕಾ, ರೆಕಾರ್ಡಿಂಗ್ ಇದ್ದಾಗ ಒಂದು ತಾಸು...
ಅವಳ ಕಾಲು ಪೆಡಲು ಬಿಡಲಿಲ್ಲ.
"ತಾಸಿಗೆ ಎಷ್ಟು ಗುಂಡಿ ಗೊತ್ತೈತೇನು?
ಗುಂಡಿಗೆ ಎಷ್ಟು ಪೈಸಾ?"
ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೇಳಿದೆ:
ನಿನ್ನೆ ಮಧ್ಯಾಹ್ನ, ಏಳು ನಿಮಿಷಕ್ಕೆ, ಅರವತ್ತೊಂದು.
ಮಿಷನ್ನು ನಿಂತಿತು.
"ನನ್ನವು ಎಣಿಸೀಯಾ?
ಮೇಸ್ತ್ರಿ ಸುದ್ದಾ ಸರಿಯಾಗಿ ಎಣಿಸಂಗಿಲ್ಲ."

ಊಟದ ಹೊತ್ತಿಗೆ ಮೇಲೆ ಬಂದಳು.
ಸೆರಗಿನ ಮೇಲೇ ಹೆಡ್‌ಫೋನು.
ಮುಟ್ಟದ ಪ್ರತಿಯನ್ನು ಹಾಕಿದೆ.
"ಈ ದಪ್ಪಂದು ಯಾರದು? ಹೊಟ್ಟಿಯೊಳಗ ಬಡೀತೈತಿ"
ಅಂದವಳು ಮತ್ತೆ ಅದರ ಸುದ್ದಿ ಎತ್ತಲಿಲ್ಲ.
ಬೆರಳ ಗೆಣ್ಣಿನ ಮೇಲೆ ತನ್ನವನ್ನು ಎಣಿಸಿಕೊಂಡಳು.

ಐದನೇ ನಿಮಿಷ ಬಂತು.
ಅಲ್ಲಿ ಒಂದೂವರೆ ನಿಮಿಷ ಟಕ್ ಇಲ್ಲ.
ನಿನ್ನೆ ಅರುಳಪ್ಪ ಕಣ್ಣು ಮುಚ್ಚಿದ್ದು ಅಲ್ಲೇ,
ರಾತ್ರಿ ನಾನು ಮೂರು ಸಲ ಹಿಂದೆ ಹೋಗಿ ಕೇಳಿದ್ದೂ ಅದನ್ನೇ.
ಒಂದು ಕಿವಿ ಬಿಡಿಸಿಕೊಂಡು ಶಾಲಂಬೀ
ಎಡಗೈ ತೋರುಬೆರಳು ಎತ್ತಿದಳು.
ನೀಲಿ ಚಿಂದಿ ಸುತ್ತಿತ್ತು, ಜೀನ್ಸಿನದೇ.
"ಇಲ್ಲಿ," ಅಂದಳು. "ಮಿಷನ್ನಿಗೆ ಸಿಕ್ಕಿತು.
ನಲ್ಲಿ ಕೆಳಗ ಹಿಡಕೊಂಡು ನಿಂತಿದ್ದೆ.
ಹಾಂ, ಈಗ ಮತ್ತ ಕುಂತೆ ನೋಡು."
ಟಕ್.
ಮೊದಲಿಗಿಂತ ತುಸು ನಿಧಾನ.

ಆ ರಾತ್ರಿ ಅರವತ್ತೊಂದನ್ನೂ ತೆಗೆದೆ.
ಅರುಳಪ್ಪ ಮುಂಗಡ ಕೊಟ್ಟಿದ್ದ, ಕೆಲಸ ಕೆಲಸವೇ.
ಐದನೇ ನಿಮಿಷಕ್ಕೆ ಬಂದು
ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ,
ಪೆನ್ಸಿಲ್ಲು ಹಿಡಿದು ಬಹಳ ಹೊತ್ತು ಕೂತೆ.
ಚುಕ್ಕಿಗಳು ಸಾಲಾಗಿ ಹೋಗುತ್ತಿದ್ದವು.
ತೆಗೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ.