ಟವೆಲ್ಲಿನ ಅಡಿಯ ಮಾತು

ನಮ್ಮಪ್ಪ ದನದ ದಲ್ಲಾಳಿ.
ಚಿಂತಾಮಣಿ ಸಂತೆಯಲ್ಲಿ, ಹುಣಸೆಮರದ ನೆರಳಲ್ಲಿ
ಕೊಳ್ಳುವವನ ಕೈ ಹಿಡಿದು, ಮೇಲೆ ಟವೆಲ್ಲು ಹೊದಿಸಿ
ಬೆರಳಲ್ಲೇ ರೇಟು ಕುದುರಿಸುತ್ತಿದ್ದ.
ಬಾಯಲ್ಲಿ ಮಳೆ ಬೆಳೆಯ ಮಾತು, ಕಣ್ಣು ಅಂಬಾಜಿದುರ್ಗದ ಕಡೆ.
ಎರಡು ಬೆರಳೆಂದರೆ ಇನ್ನೂರೋ ಎರಡು ಸಾವಿರವೋ
ಪಕ್ಕದಲ್ಲಿ ನಿಂತ ಎತ್ತಿಗೂ ಗೊತ್ತಾಗುತ್ತಿರಲಿಲ್ಲ.

ಮನೆಯಲ್ಲೂ ಹಾಗೇ.
ಹೆಸರು ಹಿಡಿದು ಮಾತಾಡುವ ಪದ್ಧತಿಯಿಲ್ಲ.
ಅದು, ಇದು, ಆ ವಿಷಯ, ಅವತ್ತಿಂದು.
ನಾನು ಹತ್ತಿರ ಸುಳಿದರೆ ಅವ್ವನ ಕಣ್ಣು
ಮಾತಿನ ಮೇಲೆ ಟವೆಲ್ಲು ಎಸೆಯುತ್ತಿತ್ತು.
ಕನ್ನಡದಿಂದ ತಟಕ್ಕನೆ ತೆಲುಗಿಗೆ ಹಾರುತ್ತಿದ್ದರು,
ಬೀದಿಯಲ್ಲಿ ನಾವು ಗೋಲಿ ಆಡುವುದೇ ತೆಲುಗಲ್ಲಿ ಎಂಬುದು
ಇಬ್ಬರಿಗೂ ಯಾಕೋ ನೆನಪಾಗುತ್ತಿರಲಿಲ್ಲ.
"ಹೋಗಮ್ಮ, ಐವತ್ತು ಗ್ರಾಂ ಕಾಫಿಪುಡಿ ತಾ."
ಆ ವರ್ಷ ನಮ್ಮ ಮನೆಯಲ್ಲಿ ಕಾಫಿಪುಡಿ ಬೇಕಾದಷ್ಟಿತ್ತು.

ಗಂಗುಲಮ್ಮತ್ತೆ ಆಗ ನಮ್ಮಲ್ಲೇ ಇದ್ದಳು.
ಹಬ್ಬಕ್ಕೆ ಬಂದವಳು, ಅನ್ನುತ್ತಿದ್ದರು ಕೇಳಿದವರಿಗೆಲ್ಲ.
ಯಾವ ಹಬ್ಬ ಇಷ್ಟುದ್ದ ಇರುತ್ತದೆ ಎಂದು
ನಾನು ಕ್ಯಾಲೆಂಡರಿನಲ್ಲಿ ಹುಡುಕಿದ್ದೆ.

ಎಂಟು ವರ್ಷ ನನಗೆ. ಒಂದು ರಾತ್ರಿ
ಕಂಬಳಿಯೊಳಗೆ ಉಸಿರು ಬಿಗಿಹಿಡಿದು ಕೇಳಿದೆ:
"ತಿನ್ನೋದು ನೋಡಿದ್ರೆ ಗುಡ್ಡ, ಬರೋದು ಸೊನ್ನೆ.
ಇನ್ನೆಷ್ಟು ದಿನ ಅಂತ ಇಟ್ಕೊಳ್ಳೋದು?
ಭಾನುವಾರ ಕಳಿಸಿಬಿಡೋಣ."
ಮಾರನೆ ದಿನದಿಂದ ಅರ್ಧ ಮುದ್ದೆ ಉಂಡೆ.
ಯಾರೂ ಹೇಳದೆ ಕಸ ಗುಡಿಸಿದೆ, ನೀರು ಸೇದಿದೆ,
ಅವರೆಕಾಯಿ ಸುಲಿದು ಸುಲಿದು ಉಗುರು ಕರ್ರಗಾಯಿತು.
"ಈ ಹುಡುಗೀಗೆ ಏನು ಬಂತೇ ಗಂಗುಲಮ್ಮಾ" ಅಂದಳು ಅವ್ವ.
ಅತ್ತೆ ಏನೂ ಕೇಳದೆ ತನ್ನ ತಟ್ಟೆಯ ಮುದ್ದೆ ಮುರಿದು
ನನ್ನ ಸಾರಿಗೆ ಅದ್ದಿದಳು.

ಭಾನುವಾರ ಹೋದದ್ದು ಗೊಡ್ಡು ಹಸು, ಕೆಂದಿ.
ಗೂಟದಿಂದ ಹಗ್ಗ ಬಿಚ್ಚಿದಾಗ ತಿರುಗಿ ನೋಡಿತು.
ನಾನು ಕುಣಿದೆ.
ಹೌದು, ಕುಣಿದೆ.
ಅವತ್ತು ಮೂರು ಮುದ್ದೆ.

ಯುಗಾದಿ ಕಳೆದ ಮೇಲೆ ಮತ್ತೆ ಅದೇ ಕಂಬಳಿ, ಅದೇ ಮಾತು:
"ಇನ್ನೆಷ್ಟು ದಿನ ಅಂತ ಇಟ್ಕೊಳ್ಳೋದು. ಕಳಿಸಿಬಿಡೋಣ."
ಈ ಸಲ ನಾನು ಜಾಣೆ. ದನದ ಮಾತು, ಅಂದುಕೊಂಡೆ.
ಮಗ್ಗುಲು ಬದಲಿಸಿ ಮಲಗಿದೆ. ಎಂಥಾ ನಿದ್ದೆ!

ಬೆಳಿಗ್ಗೆ ಕೊಟ್ಟಿಗೆಯಲ್ಲಿ ಎಣಿಸಿದೆ: ನಾಲ್ಕಕ್ಕೆ ನಾಲ್ಕೂ ಇದ್ದವು.
ಗೋಡೆಯ ಮೊಳೆಯಲ್ಲಿ ಗಂಗುಲಮ್ಮತ್ತೆಯ ಚೀಲವಿರಲಿಲ್ಲ.
ಮೊದಲನೆ ಬಸ್ಸಿಗೆ, ಶ್ರೀನಿವಾಸಪುರದ ಕಡೆಗೆ,
ಯಾವ ಕೈಯಿಂದ ಬಿಡಿಸಿಕೊಂಡು ಬಂದಿದ್ದಳೋ ಆ ಕೈಗೇ.
ಆಮೇಲಿನದು ನನಗೆ ಯಾರೂ ಹೇಳಲಿಲ್ಲ.
ಶ್ರಾವಣದಲ್ಲಿ ಒಂದು ದಿನ ಮನೆ ತುಂಬಾ ಜನ, ಮಾತೇ ಇಲ್ಲ.
ನನ್ನನ್ನು ಕಾಫಿಪುಡಿಗೆ ಕಳಿಸಿದರು, ಎರಡೆರಡು ಸಲ.

ಮಕ್ಕಳ ಕಿವಿಗೆ ಬೀಳಬಾರದು ಅನ್ನುತ್ತಾರೆ.
ಬೀಳುತ್ತದೆ. ಬಿದ್ದು ಅರ್ಧ ಒಡೆಯುತ್ತದೆ.
ಒಡೆದ ಕಡೆಗೆ ಮಗು ತನ್ನದೇ ಮಣ್ಣು ಮೆತ್ತುತ್ತದೆ.
ಹಾಗಾದರೆ ಎಲ್ಲವನ್ನೂ ಕೇಳಿಸಬೇಕೇ? ನನಗೆ ಗೊತ್ತಿಲ್ಲ.
ಪೂರ್ತಿ ಕೇಳಿದ್ದರೆ ಏನು ಮಾಡುತ್ತಿದ್ದೆ, ಎಂಟು ವರ್ಷದವಳು?
ಚೀಲ ಬಚ್ಚಿಡುತ್ತಿದ್ದೆನೇನೋ.
ಅಷ್ಟೇ. ಒಂದು ಬಸ್ಸು ತಪ್ಪುತ್ತಿತ್ತು.

ನಿನ್ನೆ ರಾತ್ರಿ ಟೀವಿ ಸಣ್ಣಗೆ ಮಾಡಿ
ನಾನೂ ಇವರೂ ಲೆಕ್ಕ ಹಾಕುತ್ತಿದ್ದೆವು:
ತುಮಕೂರಿನ ಹಾಸ್ಟೆಲ್ಲು, ಫೀಸು, ಟ್ರಂಕು, ಎರಡು ಜೊತೆ ಬೆಡ್‌ಶೀಟು.
"ಕಳಿಸಿಬಿಡೋಣ" ಅಂದದ್ದು ನನ್ನದೇ ಬಾಯಿ.
ಬಾಗಿಲ ಸಂದಿಯಲ್ಲಿ ಎರಡು ಕಾಲ್ಬೆರಳು ಕಂಡವು.
ನನ್ನ ನಾಲಿಗೆ ಆಗಲೇ ತೆಲುಗಿಗೆ ಹೊರಳಿತ್ತು.
"ಯಾರನ್ನಮ್ಮ?" ಅಂದಳು ಮಗಳು, ಹೊರಗಿಂದಲೇ.
ನಾನು ಒಮ್ಮೆಯೂ ಕೇಳದೇ ಹೋದ ಪ್ರಶ್ನೆ.

ಡಬ್ಬದಲ್ಲಿ ಕಾಫಿಪುಡಿ ಮುಗಿದಿದೆ, ನಿಜವಾಗಿಯೂ.
ಮೂಲೆಯಂಗಡಿ ಇನ್ನೂ ತೆಗೆದಿದೆ.
"ನಿನ್ನನ್ನ" ಅಂದೆ. "ಒಳಗೆ ಬಾ."